ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾರಿ ಬರುವ ತುಡುವೆಗೆ ಮನೆ

ಶಿವರಾತ್ರಿ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜೇನಿನ ವಿಷಯದವು ಹೆಚ್ಚುತ್ತವೆ. ಈ ಬಾರಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಆರು ಪತ್ರಗಳು ಕಾಡಿನ ಹಿಂಡುಗಳನ್ನು ಪೆಟ್ಟಿಗೆಗೆ ಕೂರಿಸುವ ಬಗೆಯನ್ನೇ ಕೇಳಿರುವುದರಿಂದ ಅವನ್ನು ಒಟ್ಟಿಗೆ ಉತ್ತರಿಸಲಾಗಿದೆ. ತುಡುವೆ ಎಂದರೆ ಪೊಟರೆಯಲ್ಲಿ ಗೂಡು ಕಟ್ಟುವ, ಪೆಟ್ಟಿಗೆಯಲ್ಲಿ ಸಾಕಬಹುದಾದ ನಮ್ಮ ನಾಡಿನ ಜೇನು.

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ನನ್ನದು ಮೂರು ಎಕರೆ ಅಡಿಕೆ ತೋಟ. ನಾಲ್ಕು ಪೆಟ್ಟಿಗೆ ತುಡುವೆ ಜೇನು ಇವೆ. ಪ್ರತಿ ವರ್ಷ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ತೋಟದ ಮೇಲೆ ಹಿಂಡು ಹಾರಿಹೋಗುವುದನ್ನು ಕಾಣುತ್ತೇನೆ. ಅವನ್ನು ಸೆಳೆಯಲು ಎರಡು ಹೊಸ ಪೆಟ್ಟಿಗೆಗಳನ್ನು ತಂದು, ಒಳಗೆ ಬೆಲ್ಲದ ನೀರು ಸವರಿ ಇಟ್ಟೆ. ಇರುವೆ ಬಂದವೇ ಹೊರತು ಜೇನು ಬರಲಿಲ್ಲ. ಏನು ತಪ್ಪಾಗಿದೆ?

ಉತ್ತರ: ತಪ್ಪಾಗಿರುವುದು ಬೆಲ್ಲದ ನೀರಿನಲ್ಲಿ. ಸಿಹಿಗೆ ಬರುವುದು ಆಹಾರ ಅರಸುವ ಜೇನುನೊಣ. ಹಿಂಡನ್ನು ಕರೆತರುವುದು ಮನೆ ಅರಸುವ ನೊಣ. ಕುಟುಂಬವೊಂದು ಎರಡಾಗಿ ಪಾಲಾಗಿ ಒಂದು ಭಾಗ ಹೊರಬಿದ್ದಾಗ ಅದರಲ್ಲಿರುವ ಅನುಭವಿ ನೊಣಗಳಲ್ಲಿ ಕೆಲವು ಹೂವಿನ ಕಡೆಗೆ ಹೋಗುವುದನ್ನು ಬಿಟ್ಟು ಪೊಟರೆ, ಬಿರುಕು, ಹುತ್ತಗಳನ್ನು ಹೊಕ್ಕು ನೋಡಲು ತೊಡಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಹಾಳಾಗಿದ್ದ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ, ಕೊಂಬೆಯ ಮೇಲೆ ಕುಳಿತಿದ್ದ ಹಿಂಡಿನ ಮೈಮೇಲೆ ಕುಣಿಯುತ್ತಿದ್ದ ನೊಣಗಳಲ್ಲಿ ಕೆಲವು ಮಸಿ ಬಳಿದುಕೊಂಡಂತೆ ಕಪ್ಪಾಗಿದ್ದುದನ್ನೂ, ಕೆಲವು ಇಟ್ಟಿಗೆ ಪುಡಿಯಿಂದ ಕೆಂಪಾಗಿದ್ದುದನ್ನೂ ಗಮನಿಸಿದರು. ಅವು ಮಕರಂದ ತಂದ ನೊಣಗಳಾಗಿರಲಿಲ್ಲ. ಹೊಗೆಗೂಡಿನಲ್ಲಿ, ಬಿದ್ದ ಗೋಡೆಯ ಸಂದಿಯಲ್ಲಿ ಮನೆ ನೋಡಿ ಬಂದು, ಆ ಜಾಗದ ದಿಕ್ಕು ಮತ್ತು ದೂರವನ್ನು ಕುಣಿತದ ಮೂಲಕ ಉಳಿದವಕ್ಕೆ ತಿಳಿಸುತ್ತಿದ್ದವು. ನಿಮ್ಮ ಖಾಲಿ ಪೆಟ್ಟಿಗೆಯನ್ನು ಪರೀಕ್ಷಿಸಲು ಬರುವುದೂ ಇಂಥ ನೊಣವೇ. ಅದು ಒಳಗೆ ನಡೆದಾಡಿ ಜಾಗದ ಅಳತೆ ತೆಗೆದುಕೊಳ್ಳುತ್ತದೆ, ಬೆಲ್ಲವನ್ನು ನೆಕ್ಕುವುದಿಲ್ಲ.

ಆದ್ದರಿಂದ ಪೆಟ್ಟಿಗೆ ಮನೆಯಂತಿರಬೇಕು. ವಿದೇಶೀ ಜೇನಿನ ಮೇಲೆ ಅಮೆರಿಕದ ಥಾಮಸ್ ಸೀಲಿ ನಡೆಸಿದ ಪರೀಕ್ಷೆಗಳಲ್ಲಿ ಹಿಂಡುಗಳು ಸುಮಾರು 40 ಲೀಟರ್ ಜಾಗವನ್ನು ಮೆಚ್ಚಿದವು. ಅದೇ ಅಳತೆಯನ್ನು ನಾವು ನಂಬಿದರೆ ಕೆಡುತ್ತೇವೆ, ಏಕೆಂದರೆ ನಮ್ಮ ತುಡುವೆಯದು ಚಿಕ್ಕ ಸಂಸಾರ. ಅದಕ್ಕೆ ಇದರ ಮೂರನೆಯ ಒಂದು ಭಾಗ, ಕೆಲವೊಮ್ಮೆ ಇನ್ನೂ ಕಡಿಮೆ ಸಾಕು. 20ನೆಯ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಅವರು ತುಡುವೆಗೆಂದೇ ರೂಪಿಸಿದ ಪೆಟ್ಟಿಗೆಯ ಸಂಸಾರ ಕೋಣೆಯೊಂದನ್ನೇ, ಎಂದರೆ ಮರಿ ಬೆಳೆಸುವ ಕೆಳಕೋಣೆಯನ್ನೇ ಇಡಿ. ಮೇಲಿನ ಜೇನು ಕೋಣೆಯನ್ನು ಈಗ ಇಡಬೇಡಿ. ಬಾಗಿಲು ಎರಡು ಬೆರಳು ಅಗಲ, ಒಂದು ನೊಣ ಆರಾಮವಾಗಿ ನಡೆಯುವಷ್ಟು ಎತ್ತರವಿದ್ದು, ಬೇರೆಲ್ಲೂ ಬೆಳಕು ತೂರುವ ಸಂದಿ ಇರಬಾರದು. ಸಂದಿಗಳಿದ್ದರೆ ಸೆಗಣಿ ಮತ್ತು ಮಣ್ಣನ್ನು ಕಲಸಿ ಮೆತ್ತಬಹುದು.

ಹೊಸ ಪೆಟ್ಟಿಗೆಗಿಂತ ಹಳೆಯದು ಲೇಸು. ಹೊಸ ಮರದ, ಅದರಲ್ಲೂ ಬಣ್ಣದ ವಾಸನೆ ಇರುವ ಪೆಟ್ಟಿಗೆಯನ್ನು ಮೊದಲು ಒಂದು ತಿಂಗಳು ಗಾಳಿ ಮಳೆಗೆ ಬಿಡಿ. ಬಳಿಕ ಶುದ್ಧ ಜೇನುಮೇಣವನ್ನು ಕರಗಿಸಿ ಒಳಗೋಡೆಗೂ, ನೊಣಗಳು ಎರಿ (ಮೇಣದ ಕೋಶಗಳ ಗೂಡು) ಕಟ್ಟುವ ಚೌಕಟ್ಟಿನ ಮೇಲ್ಪಟ್ಟಿಯ ಕೆಳಬದಿಗೂ ತಿಕ್ಕಿ. ನಾನು ಕಂಡಂತೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇರಿಲ್ಲ. ಹಳೆಯ ಎರಿಯೊಂದನ್ನು ಒಳಗಿಟ್ಟರೆ ಇನ್ನೂ ಒಳ್ಳೆಯದೆಂಬುದು ನಿಜವಾದರೂ, ನೊಣಗಳಿಲ್ಲದ ಪೆಟ್ಟಿಗೆಯಲ್ಲಿ ಆ ಎರಿಯನ್ನು ಮೇಣದ ಪತಂಗ ಕೆಲವೇ ವಾರಗಳಲ್ಲಿ ಬಲೆಯ ಮುದ್ದೆ ಮಾಡಿಬಿಡುತ್ತದೆ. ವಾರಕ್ಕೊಮ್ಮೆ ತೆಗೆದು ನೋಡುವ ವ್ಯವಧಾನವಿಲ್ಲದವರು ಮೇಣದ ಹಾಳೆಯ ತೆಳು ಪಟ್ಟಿಗಳಿಗೇ ತೃಪ್ತರಾಗುವುದು ಕ್ಷೇಮ.

ಮಜ್ಜಿಗೆ ಹುಲ್ಲಿನ ಎಣ್ಣೆಯ ಬಗ್ಗೆ ಹಲವರು ಕೇಳುತ್ತಾರೆ. ವಿದೇಶೀ ಜೇನು ತನ್ನವರನ್ನು ಕರೆಯಲು ಹೊಮ್ಮಿಸುವ ಗಂಧದಲ್ಲಿರುವ ಸಿಟ್ರಾಲ್ ಎಂಬ ಅಂಶ ಈ ಎಣ್ಣೆಯಲ್ಲಿ ಹೇರಳವಾಗಿರುವುದರಿಂದ ಅದು ಅಲ್ಲಿ ಪ್ರಸಿದ್ಧವಾಯಿತು. ತುಡುವೆಗೂ ಒಂದೆರಡು ಹನಿ ಹಾಕಿ ನೋಡಬಹುದು, ಆದರೆ ಅದನ್ನೇ ನೆಚ್ಚಬೇಡಿ. ಹೆಚ್ಚು ಹಾಕಿದರೆ ಘಾಟಿಗೆ ನೊಣ ದೂರವೇ ಉಳಿಯುತ್ತದೆ. ಜಪಾನಿನಲ್ಲಿ ನಮ್ಮ ತುಡುವೆಯ ಬಂಧುವಾದ ಜೇನನ್ನು ಸಾಕುವವರು ಸಿಂಬಿಡಿಯಂ ಜಾತಿಯ ಒಂದು ಸೀತಾಳೆ (ಆರ್ಕಿಡ್) ಗಿಡವನ್ನು ಕುಂಡದಲ್ಲಿ ಬೆಳೆಸಿ, ಹೂ ಬಿಟ್ಟಾಗ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿಡುತ್ತಾರೆ. ಅದರ ಪರಿಮಳಕ್ಕೆ ಇಡೀ ಹಿಂಡೇ ಬಂದು ಹೂಗೊಂಚಲನ್ನು ಮುತ್ತುವುದುಂಟು. ಕುತೂಹಲಕ್ಕೆಂದು ಹೇಳಿದೆ, ಗಿಡ ತರಿಸಲು ಹೊರಡಬೇಡಿ.

ಪೆಟ್ಟಿಗೆಯನ್ನು ಅಡಿಕೆ ತೋಟದ ನಡುವಿನ ದಟ್ಟ ನೆರಳಿನಲ್ಲಿ ಇಡುವುದಕ್ಕಿಂತ ತೋಟದ ಅಂಚಿನ ಹೊಂಗೆ, ಬೇವು ಅಥವಾ ಹುಣಸೆಯ ಕವಲಿನಲ್ಲಿ, ನೆಲದಿಂದ ಎಂಟು ಹತ್ತು ಅಡಿ ಎತ್ತರದಲ್ಲಿ, ಗಾಳಿಗೆ ಅಲುಗದಂತೆ ಬಿಗಿದು ಕಟ್ಟಿ. ಬೆಳಗಿನ ಎಳೆಬಿಸಿಲು ಬಿದ್ದರೆ ಚಿಂತೆಯಿಲ್ಲ, ಮಧ್ಯಾಹ್ನದ ಬಿಸಿಲು ಮಾತ್ರ ತಾಗಬಾರದು. ಏಣಿಗೆ ಸುಲಭವಾಗಿ ಸಿಗುವ ಜಾಗವನ್ನೇ ಆರಿಸಿಕೊಳ್ಳಿ, ಏಕೆಂದರೆ ತುಂಬಿದ ಪೆಟ್ಟಿಗೆಯನ್ನು ಕತ್ತಲಲ್ಲಿ ಇಳಿಸಬೇಕಾದವರು ನೀವೇ. ಜೇಡ, ಹಲ್ಲಿ, ಇರುವೆ ಸೇರಿಕೊಂಡ ಪೆಟ್ಟಿಗೆಯನ್ನು ಮನೆ ಹುಡುಕುವ ನೊಣ ಒಪ್ಪುವುದಿಲ್ಲವಾದ್ದರಿಂದ ಆಗಾಗ ಒಳಗೆ ಗುಡಿಸುತ್ತಿರಬೇಕು. ಇವೆಲ್ಲ ಸಿದ್ಧವಾಗಬೇಕಾದದ್ದು ಹಿಂಡು ಕಂಡ ದಿನವಲ್ಲ. ನಮ್ಮ ಬಯಲುಸೀಮೆಯಲ್ಲಿ ಮಳೆಗಾಲ ಮುಗಿದು ಹುಚ್ಚೆಳ್ಳು, ತೊಗರಿ ಹೂವಾಗುವ ಕಾಲಕ್ಕೊಮ್ಮೆ, ಬೇವು ಹೊಂಗೆಗಳ ಹೂವಿಗೆ ಮುಂಚೆ ಮತ್ತೊಮ್ಮೆ.

ನೊಣಗಳು ಒಂದೆರಡಾಗಿ ಬಂದು ಬಾಗಿಲ ಸುತ್ತ ಹಾರಾಡಿ, ಒಳಹೊಕ್ಕು, ಹೊರಗೋಡೆಯ ಮೇಲೂ ನಡೆದಾಡಿ ಹೋಗುತ್ತಿದ್ದರೆ ಪೆಟ್ಟಿಗೆಯನ್ನು ಮುಟ್ಟಬೇಡಿ. ಪರಿಶೀಲನೆ ನಡೆಯುತ್ತಿದೆ ಎಂದು ತಿಳಿಯಿರಿ. ಹಿಂಡು ಬಂದು ಸೇರಿದ ದಿನವೇ ರಾತ್ರಿ ಅದನ್ನು ನಿಮ್ಮ ಶಾಶ್ವತ ಜಾಗಕ್ಕೆ ಒಯ್ಯಿರಿ. ನಾಲ್ಕಾರು ದಿನ ಬಿಟ್ಟು ಒಯ್ದರೆ, ಅಷ್ಟರಲ್ಲಿ ಜಾಗದ ಗುರುತು ಹಿಡಿದ ನೊಣಗಳು ಮರಳಿ ಅದೇ ಮರದ ಬುಡಕ್ಕೆ ಹೋಗಿ ಅನಾಥವಾಗುತ್ತವೆ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾಗಿದೆ. ನೀವು ಕಾಡಿನದೆಂದುಕೊಂಡ ಹಿಂಡು ನಿಮ್ಮದೇ ನಾಲ್ಕು ಪೆಟ್ಟಿಗೆಗಳಲ್ಲಿ ಒಂದರಿಂದ ಹೊರಟದ್ದಿರಬಹುದು. ಜನವರಿಯಿಂದಲೇ ವಾರಕ್ಕೊಮ್ಮೆ ತಳಹಲಗೆಯನ್ನು ನೋಡುತ್ತಿರಿ. ತುಡುವೆಯ ಗಂಡು ನೊಣದ ಕೋಶದ ಮುಚ್ಚಳಕ್ಕೆ ನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ. ಅಂಥ ಗಟ್ಟಿ ಮುಚ್ಚಳಗಳು ತಳಹಲಗೆಯ ಮೇಲೆ ಉದುರಿದ್ದರೆ ಗಂಡುಗಳು ಹೊರಬರುತ್ತಿವೆ, ಕುಟುಂಬ ಪಾಲಾಗುವ ದಿನ ದೂರವಿಲ್ಲ ಎಂದರ್ಥ. ಎರಿಯ ಕೆಳಅಂಚಿನಲ್ಲಿ ಜೋತುಬಿದ್ದ ರಾಣಿ ಕೋಶಗಳು ಕಂಡರೆ, ಅವುಗಳ ಬಾಯಿ ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧ ಸಂಸಾರದೊಡನೆ ಹೊರಟುಬಿಡುತ್ತದೆ. ಆಗ ನೀವೇ ಕುಟುಂಬವನ್ನು ಎರಡು ಮಾಡಿ ಒಂದನ್ನು ಆ ಹೊಸ ಪೆಟ್ಟಿಗೆಗೆ ಕೂರಿಸಿದರೆ, ಏಣಿಯೂ ಬೇಡ, ಕಾಯುವುದೂ ಬೇಡ.

ಪ್ರಶ್ನೆ: ಹೊಳಲ್ಕೆರೆ ಸಮೀಪದ ನಮ್ಮ ಮಾವಿನ ತೋಪಿನಲ್ಲಿ ಕೊಂಬೆಗೆ ಕುಳಿತ ಹಿಂಡನ್ನು ಎರಡು ಸಲ ಹಿಡಿದು ಪೆಟ್ಟಿಗೆಗೆ ಹಾಕಿದೆ. ಎರಡೂ ಸಲ ಮೂರು ದಿನದೊಳಗೆ ಹಾರಿಹೋದವು. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಹಿಡಿಯುವ ಕಷ್ಟಕ್ಕಿಂತ ಉಳಿಸಿಕೊಳ್ಳುವ ಕಷ್ಟ ದೊಡ್ಡದೆಂಬುದನ್ನು ನೀವು ಎರಡು ಸಲ ಅನುಭವಿಸಿದ್ದೀರಿ. ಕೊಂಬೆಗೆ ಕುಳಿತ ಹಿಂಡು ಸುಮ್ಮನೆ ಕುಳಿತಿರುವುದಿಲ್ಲ, ಅದರ ಮೈಮೇಲೆ ಮನೆಯ ಚರ್ಚೆ ನಡೆದಿರುತ್ತದೆ. ನೀವು ಹಿಡಿಯುವ ಹೊತ್ತಿಗೆ ಅದು ಯಾವುದೋ ಪೊಟರೆಯನ್ನು ಒಪ್ಪಿಕೊಂಡಾಗಿದ್ದರೆ, ನಿಮ್ಮ ಪೆಟ್ಟಿಗೆಯನ್ನು ಅದೇ ಮರದ ಕೆಳಗೆ ಬಿಟ್ಟಷ್ಟೂ ಅದು ಮರುದಿನ ಹೊರಡುವ ಸಾಧ್ಯತೆ ಹೆಚ್ಚು. ಆದ್ದರಿಂದ ಸಂಜೆ ಎಲ್ಲ ನೊಣಗಳೂ ಒಳಸೇರಿದ ಮೇಲೆ ಪೆಟ್ಟಿಗೆಯನ್ನು ಆ ಜಾಗದಿಂದ ದೂರ, ತಂಪಾದ ನೆರಳಿಗೆ ಒಯ್ಯಬೇಕು.

ಹಿಡಿಯುವಾಗ ಕೊಂಬೆಯನ್ನು ಬಲವಾಗಿ ಒದರುವುದಕ್ಕಿಂತ, ಸಂಸಾರ ಕೋಣೆಯನ್ನೋ ಬಿದಿರಿನ ಬುಟ್ಟಿಯನ್ನೋ ಮಗುಚಿ ಹಿಂಡಿನ ನೆತ್ತಿಗೆ ತಾಗುವಂತೆ ಹಿಡಿದು, ಕೆಳಗಿನಿಂದ ತುಸು ಹೊಗೆ ಕೊಡುವುದು ನನಗೆ ಒಗ್ಗಿದ ಕ್ರಮ. ನೊಣಗಳ ಸ್ವಭಾವ ಮೇಲಕ್ಕೆ, ಕತ್ತಲಿನ ಕಡೆಗೆ ಹತ್ತುವುದು. ರಾಣಿ ಒಳಸೇರಿದ ಗುರುತು ಬಾಗಿಲಲ್ಲೇ ಸಿಗುತ್ತದೆ: ನೊಣಗಳು ಹಿಂಭಾಗವನ್ನು ಎತ್ತಿ, ರೆಕ್ಕೆ ಬೀಸಿ, ಹೊರಗುಳಿದವನ್ನು ಕರೆಯುತ್ತಿರುತ್ತವೆ. ಹೊಟ್ಟೆ ತುಂಬ ಜೇನು ತುಂಬಿಕೊಂಡು ಹೊರಟ ಹಿಂಡು ಸಾಮಾನ್ಯವಾಗಿ ಸೌಮ್ಯವಾಗಿದ್ದರೂ, ಎರಡು ಮೂರು ದಿನ ಒಣಗಾಳಿಯಲ್ಲಿ ಹಸಿದು ನೇತಾಡಿದ್ದರೆ ಚುಚ್ಚಲು ಹಿಂಜರಿಯುವುದಿಲ್ಲ. ಮುಖಪರದೆ ಇಲ್ಲದೆ ಮರ ಹತ್ತಬೇಡಿ.

ಈಗ ಉಳಿಸಿಕೊಳ್ಳುವ ವಿಚಾರ. ನಿಮ್ಮಲ್ಲಿ ಬೇರೆ ಆರೋಗ್ಯವಂತ ಕುಟುಂಬವಿದ್ದರೆ ಅದರಿಂದ ಮೊಟ್ಟೆ ಮತ್ತು ಎಳೆಯ ಮರಿಗಳಿರುವ ಎರಿಯೊಂದನ್ನು, ನೊಣಗಳನ್ನು ಮೆಲ್ಲಗೆ ಗುಡಿಸಿ, ಹೊಸ ಪೆಟ್ಟಿಗೆಯ ನಡುವೆ ಇಡಿ. ಮರಿಗಳನ್ನು ಬಿಟ್ಟು ಹೋಗಲು ತುಡುವೆ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ನನ್ನ ಲೆಕ್ಕದಲ್ಲಿ ಉಳಿದ ಎಲ್ಲ ಉಪಾಯಗಳೂ ಸೇರಿ ಈ ಒಂದು ಎರಿಗೆ ಸಮವಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. ಹಿಡಿದ ಹಿಂಡಿನಲ್ಲಿ ರಾಣಿ ಇಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ನೊಣಗಳು ಆ ಎರಿಯ ಮೇಲೆಯೇ ರಾಣಿ ಕೋಶ ಕಟ್ಟಲು ಆರಂಭಿಸಿ, ವಾರದ ಬಳಿಕ ನೀವು ಪೆಟ್ಟಿಗೆ ತೆರೆದಾಗ ನಿಮಗೆ ಸುದ್ದಿ ಕೊಡುತ್ತವೆ.

ಬಾಗಿಲಿಗೆ ರಾಣಿ ತಡೆ (ರಾಣಿಯನ್ನು ಹೊರಬಿಡದೆ ಕೆಲಸದ ನೊಣಗಳನ್ನು ಮಾತ್ರ ಬಿಡುವ ಜಾಲರಿ) ಹಾಕುವ ಅಭ್ಯಾಸವನ್ನು ಸ್ವಲ್ಪ ಯೋಚಿಸಿ ಅನುಸರಿಸಬೇಕು. ಮೊದಲ ಪಾಲಿನಲ್ಲಿ ಬರುವುದು ಮೊಟ್ಟೆಯಿಡುವ ಹಳೆಯ ರಾಣಿಯಾದ್ದರಿಂದ ನಾಲ್ಕೈದು ದಿನ ತಡೆ ಇದ್ದರೆ ತೊಂದರೆಯಿಲ್ಲ. ಆದರೆ ಅದರ ಹಿಂದೆಯೇ ಬರುವ ಚಿಕ್ಕ ಪಾಲುಗಳಲ್ಲಿರುವುದು ಕನ್ಯೆ ರಾಣಿ; ಗಂಡುಗಳನ್ನು ಕೂಡಲು ಅದು ಹೊರಗೆ ಹಾರಲೇಬೇಕು. ಅದನ್ನು ಕೂಡಿಹಾಕಿದರೆ ಹಿಂಡು ಉಳಿದರೂ ವಂಶ ಉಳಿಯದು. ಒಂದು ಮುಷ್ಟಿಯಷ್ಟೇ ಇರುವ ಹಿಂಡಾದರೆ ತಡೆ ಹಾಕಬೇಡಿ.

ಸಕ್ಕರೆ ಮತ್ತು ನೀರನ್ನು ಸಮನಾಗಿ ಬೆರೆಸಿದ ಪಾಕವನ್ನು ಮೊದಲ ವಾರ ದಿನವೂ ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗೇ ಕೊಡಿ. ಹಗಲಲ್ಲಿ ಕೊಟ್ಟರೆ ನೆರೆಯ ಪೆಟ್ಟಿಗೆಯ ನೊಣಗಳು ದರೋಡೆಗೆ ಇಳಿಯುತ್ತವೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಮತ್ತು ದಯವಿಟ್ಟು, ಪಾಕ ಇಡುವಷ್ಟು ಹೊತ್ತು ಬಿಟ್ಟು ವಾರದ ತನಕ ಮುಚ್ಚಳ ತೆಗೆದು ನೋಡಬೇಡಿ, ಬಾಗಿಲಲ್ಲಿ ನೊಣಗಳು ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಒಳಹೋಗುತ್ತಿದ್ದರೆ ಒಳಗೆ ಸಂಸಾರ ಶುರುವಾಗಿದೆ ಎಂದು ತಿಳಿಯಲು ಅಷ್ಟೇ ಸಾಕು. ಬಹಳ ವರ್ಷಗಳ ಹಿಂದೆ ನಾನೇ ಏಪ್ರಿಲ್‌ನಲ್ಲಿ ಹಿಡಿದ ಒಳ್ಳೆಯ ಹಿಂಡೊಂದನ್ನು ಪಡುವಣಕ್ಕೆ ಮುಖ ಮಾಡಿದ ತಗಡಿನ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟು, ದಿನಕ್ಕೆರಡು ಸಲ ಮುಚ್ಚಳ ಎತ್ತಿ ಸಂತೋಷಪಟ್ಟಿದ್ದೆ. ಮೂರನೆಯ ದಿನ ಹೊಸ ಎರಿ ಬಿಸಿಗೆ ಮೆತ್ತಗಾಗಿ ಕಳಚಿ ಬಿದ್ದಿತ್ತು, ನೊಣ ಒಂದೂ ಇರಲಿಲ್ಲ.

ಪ್ರಶ್ನೆ: ಹಿಂಡು ಹಾರಿಹೋಗುವಾಗ ತಟ್ಟೆ, ಡಬ್ಬ ಬಡಿದರೆ ಅದು ಕೆಳಗೆ ಕೂರುತ್ತದೆಯೇ? (ಹೊನ್ನಾಳಿ)

ಉತ್ತರ: ಶಬ್ದಕ್ಕೆ ಕೂರುತ್ತದೆಂಬುದಕ್ಕೆ ಆಧಾರವಿಲ್ಲ. ಪಾಲಾಗಿ ಹೊರಟ ಹಿಂಡು ಹೇಗೂ ಮೊದಲು ಹತ್ತಿರದ ಕೊಂಬೆಯಲ್ಲೇ ತಂಗುತ್ತದೆ. ಬಡಿದವರು ತಾವು ಬಡಿದದ್ದರಿಂದ ಕೂತಿತು ಎಂದುಕೊಳ್ಳುತ್ತಾರೆ. ಪಂಪಿನಿಂದ ಮಳೆಹನಿಯಂತೆ ನೀರು ಸಿಂಪಡಿಸಿದರೆ ಕೆಲವು ಸಲ ಬೇಗ ಇಳಿಯುತ್ತದೆ. ಆದರೆ ಆ ಪಂಪು ಎಂದೂ ಕೀಟನಾಶಕ ಕಂಡಿರಬಾರದು.

ಪ್ರಶ್ನೆ: ಜಗಳೂರು ತಾಲ್ಲೂಕಿನ ನಮ್ಮ ಹೊಲದ ಬದುವಿನ ಹುತ್ತದಲ್ಲಿ ಒಂದು, ಹಳೆಯ ಬಾವಿಯ ಕಲ್ಲುಕಟ್ಟಡದ ಸಂದಿಯಲ್ಲಿ ಮತ್ತೊಂದು ತುಡುವೆ ಸಂಸಾರ ಹಲವು ವರ್ಷಗಳಿಂದ ಇವೆ. ಅವನ್ನು ಅಗೆದು ಪೆಟ್ಟಿಗೆಗೆ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಹಾಕಬೇಡಿ ಎಂಬುದು ನನ್ನ ಸಲಹೆ. ಹುತ್ತಕ್ಕೆ ಕೈಹಾಕುವವರಿಗೆ ಹಾವಿನ ಎಚ್ಚರವನ್ನು ಹೊಸದಾಗಿ ಹೇಳಬೇಕಿಲ್ಲ. ಹಳೆಯ ಬಾವಿಯ ಸಡಿಲ ಕಲ್ಲು ಅದಕ್ಕಿಂತಲೂ ಅಪಾಯ. ಜಾಲಿ, ಬೇವುಗಳನ್ನೇ ನಂಬಿರುವ ಒಣಸೀಮೆಯಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷಗಟ್ಟಲೆ ಬದುಕಿದ ಕುಟುಂಬವೆಂದರೆ ಅದು ತಾಯಿ ಬೇರಿನಂಥದ್ದು. ಮಳೆ ಮತ್ತು ಹೂವು ಚೆನ್ನಾಗಿರುವ ವರ್ಷಗಳಲ್ಲಿ ಅದು ಪಾಲುಗಳನ್ನು ಕೊಡುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ಸಿದ್ಧಗೊಳಿಸಿದ ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ದಿಕ್ಕಿಗೆ, ನೂರಾರು ಮಾರು ದೂರದ ಮರಗಳಲ್ಲಿ ಕಟ್ಟಿದರೆ ಅವುಗಳ ಸಂತತಿಯೇ ನಿಮ್ಮದಾಗಬಹುದು.

ಮನೆ ಕೆಡವುವಾಗಲೋ ಮರ ಕಡಿಯುವಾಗಲೋ ಅನಿವಾರ್ಯವಾಗಿ ತೆಗೆಯಬೇಕಾಗಿ ಬಂದರೆ, ಸಂಜೆ ಹೊತ್ತಿನಲ್ಲಿ ಮರಿಗಳಿರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಮೇಲಿನ ಬದಿ ಮೇಲೆಯೇ ಇರುವಂತೆ ಖಾಲಿ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ ಪೆಟ್ಟಿಗೆಯಲ್ಲಿ ತೂಗುಹಾಕಬೇಕು. ಕೆಲವೇ ದಿನಗಳಲ್ಲಿ ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆದು ನಾರನ್ನು ಕಡಿದು ಹೊರಹಾಕುತ್ತವೆ. ಜೇನು ತುಂಬಿದ ಎರಿಯನ್ನು ಕಟ್ಟಬೇಡಿ. ಭಾರಕ್ಕೆ ಹರಿದು ಸೋರಿ ಇರುವೆಗಳನ್ನು ಕರೆಯುತ್ತದೆ. ರಂಗಯ್ಯನದುರ್ಗ ಅಥವಾ ಜೋಗಿಮಟ್ಟಿಯಂಥ ರಕ್ಷಿತ ಅರಣ್ಯದೊಳಗಿನ ಸಂಸಾರಗಳನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವುದು ಕಾನೂನಿಗೆ ವಿರುದ್ಧ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಮನೆಯ ಎದುರಿನ ನೀರಿನ ಟ್ಯಾಂಕಿಗೆ ದೊಡ್ಡ ಜೇನು ಕಟ್ಟಿದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಬಹುದೇ?

ಉತ್ತರ: ಅದು ಹೆಜ್ಜೇನು. ಬಯಲಿನಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಈ ಜಾತಿ ಪೆಟ್ಟಿಗೆಯ ಕತ್ತಲಲ್ಲಿ ಬಾಳುವುದಿಲ್ಲ, ಹಿಂಡಾಗಿ ಎರಗಿದರೆ ಪ್ರಾಣಕ್ಕೇ ಸಂಚಕಾರ. ಹೂವಿನ ಕಾಲ ಮುಗಿದಾಗ ತಾನಾಗಿ ವಲಸೆ ಹೋಗುತ್ತದೆ. ಹೊಗೆ, ಬೆಂಕಿ, ಕಲ್ಲು ಯಾವುದೂ ಬೇಡ. ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟುವ ಕೋಲುಜೇನನ್ನೂ ಪೆಟ್ಟಿಗೆಗೆ ಹಾಕಲು ಯತ್ನಿಸಬೇಡಿ. ಕತ್ತಲ ಪೊಟರೆಯಲ್ಲಿ ಹಲವು ಎರಿಗಳನ್ನು ಸಮಾನಾಂತರವಾಗಿ ಕಟ್ಟುವ ತುಡುವೆ ಮಾತ್ರ ಈ ಅಂಕಣದಲ್ಲಿ ಹೇಳುತ್ತಿರುವ ಪೆಟ್ಟಿಗೆಗೆ ಒಗ್ಗುತ್ತದೆ.

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ದಾಳಿಂಬೆ ಬೆಳೆಯುತ್ತೇನೆ. ಹಸ್ತ ಬಹಾರಿನ (ಮಳೆಗಾಲ ಮುಗಿಯುವ ಹೊತ್ತಿನ ಹಂಗಾಮಿನ) ಹೂವಿಗೆ ಜೇನು ಬೇಕೆಂದು ಮೂರು ಕುಟುಂಬಗಳನ್ನು ಕೊಂಡಿದ್ದೇನೆ. ಇನ್ನು ಕೊಳ್ಳುವ ಬದಲು ಐದಾರು ಕಾಡು ಹಿಂಡುಗಳನ್ನು ಹಿಡಿದು ಇವುಗಳ ಪಕ್ಕದಲ್ಲೇ ಇಟ್ಟರೆ ಆಗದೇ?

ಉತ್ತರ: ಪಕ್ಕದಲ್ಲೇ ಇಡುವುದು ಬೇಡ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿದ್ದನ್ನು ಹಿರಿಯ ಸಾಕಣೆದಾರರು ಮರೆತಿಲ್ಲ. ಅದು ಈಗಲೂ ಆಗಾಗ ತಲೆ ಎತ್ತುತ್ತದೆ, ಮತ್ತು ಅದಕ್ಕೆ ಔಷಧಿಯಿಲ್ಲ. ಎಲ್ಲಿಂದಲೋ ಬಂದ ಹಿಂಡು ರೋಗಕ್ಕೆ ಬೇಸತ್ತು ಮನೆ ಬಿಟ್ಟದ್ದೂ ಇರಬಹುದಾದ್ದರಿಂದ, ಅದನ್ನು ತೋಟದ ಮತ್ತೊಂದು ಮೂಲೆಯಲ್ಲಿ ಕನಿಷ್ಠ ಎರಡು ತಂಡ ಮರಿಗಳು ಹೊರಬರುವ ತನಕ, ಎಂದರೆ ಒಂದೂವರೆ ತಿಂಗಳು ಬೇರೆಯಾಗಿ ಇರಿಸಿ. ಕೋಶದಲ್ಲಿ ಸತ್ತ ಮರಿ ತಲೆಯನ್ನು ದೋಣಿಯ ಮೂತಿಯಂತೆ ಮೇಲೆತ್ತಿ ಮಲಗಿದ್ದು, ಕಡ್ಡಿಯಿಂದ ಎತ್ತಿದಾಗ ನೀರು ತುಂಬಿದ ಚೀಲದಂತೆ ಇಡಿಯಾಗಿ ಬಂದರೆ ಅದೇ ರೋಗವೆಂದು ಶಂಕಿಸಬೇಕು. ಅಂಥ ಪೆಟ್ಟಿಗೆಯ ಎರಿಯನ್ನಾಗಲಿ ಚೌಕಟ್ಟನ್ನಾಗಲಿ ಉಳಿದವಕ್ಕೆ ಬಳಸದೆ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರಿಗೋ ನಿಮ್ಮ ಹತ್ತಿರದ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋರಿಸಿ.

ಬೆಳೆಯ ಹೂವು ಹಿಂಡು ಬರುವ ತನಕ ಕಾಯುವುದಿಲ್ಲ. ಐದಾರು ಹಿಂಡು ಸಿಕ್ಕೇ ಸಿಗುತ್ತವೆಂದು ಲೆಕ್ಕ ಹಾಕುವುದಕ್ಕಿಂತ ಇರುವ ಮೂರು ಕುಟುಂಬಗಳನ್ನು ಬಲಪಡಿಸಿ ಪಾಲು ಮಾಡಿಕೊಳ್ಳಿ, ಹಾರಿ ಬಂದದ್ದನ್ನು ಲಾಭವೆಂದು ತಿಳಿಯಿರಿ. ಪೆಟ್ಟಿಗೆಗಳಿಗೆ ಜೇನು ಸಾಕಣೆಯ ಯೋಜನೆಯಡಿ ಸಹಾಯಧನ ಇದೆಯೇ ಎಂದು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು. ನಿಮ್ಮ ಪತ್ರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಔಷಧಿ ಹೊಡೆಯುವುದಾಗಿ ಬರೆದಿದ್ದೀರಿ. ನೊಣಗಳು ಹೂವಿನ ಮೇಲೆ ಇರುವ ಹೊತ್ತು ಅದೇ. ಹೂವಿನ ಕಾಲದಲ್ಲಿ ಹೊಡೆಯಲೇಬೇಕಾದ ಔಷಧಿಯನ್ನು ನೊಣಗಳು ಗೂಡು ಸೇರಿದ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಹೊಡೆಯುವಂತೆ ನಿಮ್ಮ ಕೆಲಸಗಾರರ ವೇಳೆಯನ್ನು ಈ ವಾರವೇ ಬದಲಿಸಿ.